ಚಪ್ಪಲಿ ಕಪಾಟಿನ ಬೀಗ

ಆ ಮಧ್ಯಾಹ್ನ ಆಫೀಸಿನ ಕೋಣೆಯಲ್ಲಿ ನಾವು ಐದು ಮಂದಿ ಇದ್ದೆವು. ಮೇಜಿನ ಈಚೆ ನಾನು. ನನ್ನ ಪಕ್ಕದ ಸ್ಟೂಲಿನಲ್ಲಿ, ಠಾಣೆ ಊರಿನಿಂದ ದಿನಾ ಲೋಕಲ್ ರೈಲು ಹಿಡಿದು ಬರುವ ನಮ್ಮ ಕೌನ್ಸೆಲರ್. ಬಾಗಿಲಿಗೆ ಒರಗಿ, ಕೈಗೆ ಮೆತ್ತಿದ ಚಪಾತಿ ಹಿಟ್ಟನ್ನು ಉಜ್ಜಿ ಬಿಡಿಸಿಕೊಳ್ಳುತ್ತಿದ್ದ ಅಡುಗೆಯ ಅಕ್ಕ. ನೆನೆದ ರೇನ್‌ಕೋಟನ್ನು ಎಲ್ಲಿ ತೂಗುಹಾಕಲಿ ಎಂದು ಗೋಡೆ ಹುಡುಕುತ್ತಿದ್ದ ಮಹಿಳಾ ಪೊಲೀಸ್. ಮತ್ತೆ, ಅವರು ಕಲ್ಯಾಣ ಸ್ಟೇಶನ್ನಿನಿಂದ ಕರೆತಂದಿದ್ದ ಹುಡುಗಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಳೆಗೆ ತಲೆಯಿಂದ ನೀರು ಇಳಿಯುತ್ತಿತ್ತು. ಟವೆಲ್ ಕೊಟ್ಟರೂ ಮುಟ್ಟಲಿಲ್ಲ. ತನ್ನ ಕಾಲುಗಳನ್ನೇ ನೋಡುತ್ತ ನಿಂತಿದ್ದಳು.

ಕಲ್ಯಾಣ ದಾಟಿ, ಟಿಟ್ವಾಳಾ ಇನ್ನೇನು ಬಂತು ಅನ್ನುವಾಗ ರೈಲಿನ ಕಿಟಕಿಯಿಂದ ಕಾಣುವ ಎರಡು ಮಹಡಿಯ ಹಳೆಯ ಬಂಗಲೆ ನಮ್ಮದು. ಮನೆಬಿಟ್ಟು ಬಂದ, ಕೆಲಸದ ಮನೆಗಳಿಂದ ಬಿಡಿಸಿ ತಂದ, ಸ್ಟೇಶನ್ನುಗಳಲ್ಲಿ ಸಿಕ್ಕಿದ, ಹದಿನೆಂಟು ತುಂಬದ ಹುಡುಗಿಯರನ್ನು ಸರಕಾರದ ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮಲ್ಲಿಗೆ ಕಳುಹಿಸುತ್ತಾರೆ. ಕೆಲವರು ವಾರ ಇರುತ್ತಾರೆ, ಕೆಲವರು ವರ್ಷಗಟ್ಟಲೆ. ಶಾಲೆಗೆ ಹೋಗುವವರು ಶಾಲೆಗೆ, ಕಸುಬು ಕಲಿಯುವವರು ಕ್ಲಾಸಿಗೆ. ನಾನು ಆ ಮನೆಯ ಮೇಲ್ವಿಚಾರಕಿ.

ಪೊಲೀಸಿನಾಕೆ ಸಹಿ ಹಾಕಿಸಿಕೊಳ್ಳುತ್ತ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಮ್ಯಾಡಮ್, ಜೋಪಾನ. ಇವಳು ನಿಮ್ಮಂಥ ಎರಡು ಮನೆಗಳಿಂದ ಓಡಿಹೋದವಳು. ಹೆಸರು ಬಿಟ್ಟು ಇನ್ನೇನೂ ಬಾಯಿ ಬಿಡುವುದಿಲ್ಲ. ಇಲ್ಲಿಂದಲೂ ಹೋದಳೋ, ಸಮಿತಿಯವರು ದೂರದ, ಬೀಗ ಹಾಕಿಡುವ ಸಂಸ್ಥೆಗೆ ಹಾಕುತ್ತಾರೆ. ಅದರ ಗೋಡೆ ನೋಡಿದ್ದೀರಲ್ಲ?"

ನೋಡಿದ್ದೆ. ಗೋಡೆಯ ಮೇಲೆ ಗಾಜಿನ ಚೂರು ನೆಟ್ಟ ಜಾಗ ಅದು. ಅಲ್ಲಿಗೆ ಹೋದ ಹುಡುಗಿಯರು ಶಾಲೆಯ ಬಾಗಿಲು ಮತ್ತೆ ಕಂಡದ್ದು ಕಡಿಮೆ. ಮುಂದಿನ ತಿಂಗಳು ಸಮಿತಿಯ ಮುಂದೆ ಇವಳ ವಿಚಾರಣೆ ಇತ್ತು. ಅಲ್ಲಿಯ ತನಕ ಇವಳನ್ನು ಉಳಿಸಿಕೊಳ್ಳಬೇಕು, ಎಲ್ಲಿಂದ ಬಂದಳು, ಯಾಕೆ ಬಂದಳು ಅನ್ನುವುದನ್ನು ಅವಳ ಬಾಯಿಂದಲೇ ತಿಳಿಯಬೇಕು. ನಮ್ಮ ಕೆಲಸ ಅಷ್ಟೇ. ಹೇಳುವುದಕ್ಕೆ ಅಷ್ಟೇ.

ಹೊಸಬರು ಬಂದಾಗ ನಮ್ಮಲ್ಲೊಂದು ಕ್ರಮ ಇದೆ. ಮೊದಲು ಊಟ. ಪ್ರಶ್ನೆ ಆಮೇಲೆ. ಊಟವಾದ ಮೇಲೆ ಸ್ನಾನ, ಒಣಬಟ್ಟೆ, ಮಂಚ ತೋರಿಸುವುದು, ಮಾರನೇ ದಿನ ಡಾಕ್ಟರು. ಊಟಕ್ಕೂ ಮೊದಲು ಇನ್ನೊಂದು ಇತ್ತು. ಅದನ್ನು ನಾವು ಕ್ರಮ ಎಂದು ಕರೆಯುತ್ತಲೂ ಇರಲಿಲ್ಲ, ಉಸಿರಾಡುವ ಹಾಗೆ ಮಾಡುತ್ತಿದ್ದೆವು. ಚಪ್ಪಲಿ ತೆಗೆದು ಕೊಡುವುದು.

ಜಗಲಿಯ ಕೊನೆಯಲ್ಲಿ ಕಬ್ಬಿಣದ ಒಂದು ಕಪಾಟು. ಎದುರಿಗೆ ಜಾಲರಿಯ ಬಾಗಿಲು, ಒಳಗೆ ಖಾನೆಗಳು, ಒಂದೊಂದಕ್ಕೂ ನಂಬರು. ಎಲ್ಲ ಹುಡುಗಿಯರ ಚಪ್ಪಲಿ, ಶಾಲೆಯ ಬೂಟು ಅದರೊಳಗೆ. ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಶಾಲೆಗೆ ಹೊರಡುವಾಗ ತೆಗೆಯುವುದು, ಬಂದ ಮೇಲೆ ಹಾಕುವುದು. ನಾನು ಬರುವುದಕ್ಕೂ ಮೊದಲಿನ ಪದ್ಧತಿ. ಮನೆಯೊಳಗೆ ಚಪ್ಪಲಿ ಮೆಟ್ಟಿ ಓಡಾಡುವವರು ನಮ್ಮಲ್ಲಿ ಯಾರು? ಉಡುಪಿಯ ಕಡೆಯ ಅಡುಗೆಯ ಅಕ್ಕನಿಗಂತೂ ಅದು ಶುದ್ಧದ ಮಾತು. ನನಗೆ ಇನ್ನೊಂದು ಅನುಕೂಲವೂ ಇತ್ತು. ದಿನಕ್ಕೆ ಮೂರು ಹೊತ್ತು ಹಾಜರಿ ತೆಗೆಯಬೇಕು. ಖಾನೆಗಳೆಲ್ಲ ತುಂಬಿದ್ದರೆ ಹುಡುಗಿಯರೆಲ್ಲ ಒಳಗಿದ್ದಾರೆ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಮಳೆಯಲ್ಲಿ ಕೆಸರು ತುಳಿದು ಯಾರು ಓಡುತ್ತಾರೆ?

"ಚಪ್ಪಲ್ ನಹೀ ದೂಂಗಿ," ಅಂದಳು ಹುಡುಗಿ ಹಿಂದಿಯಲ್ಲಿ. ಚಪ್ಪಲಿ ಕೊಡುವುದಿಲ್ಲ. ಅವಳು ಆಡಿದ ಮೊದಲ ಮಾತು.

ಹವಾಯಿ ಚಪ್ಪಲಿ. ಒಂದರ ಪಟ್ಟಿ ನೀಲಿ, ಇನ್ನೊಂದರದ್ದು ಕೆಂಪು. ಒಂದು ಕಾಲಿಗೆ ಸರಿ, ಇನ್ನೊಂದು ಗಂಡಸರ ಅಳತೆಯದ್ದು. ಕೆಂಪು ಪಟ್ಟಿ ಕಿತ್ತುಹೋಗಿ, ಅಡಿಯಿಂದ ಪಿನ್ನು ಚುಚ್ಚಿ ನಿಲ್ಲಿಸಿತ್ತು.

"ಇದೆಂತದು ಮಾರಾಯ್ತಿ, ಬಂಗಾರದ್ದಾ?" ಅಕ್ಕ ನಕ್ಕರು. ಹುಡುಗಿ ನಗಲಿಲ್ಲ. ಕಾಲಿನ ಬೆರಳುಗಳನ್ನು ಬಿಗಿಹಿಡಿದುಕೊಂಡಳು. ಕೌನ್ಸೆಲರ್ ನನ್ನ ತೋಳು ಮುಟ್ಟಿದಳು, ಇವತ್ತು ಬೇಡ ಎಂಬ ಹಾಗೆ. ಸರಿ, ಊಟವಾಗಲಿ ಅಂದೆ. ಅವಳು ಊಟದ ಕೋಣೆಯ ಹೊಸ್ತಿಲಿನಲ್ಲಿ, ಚಪ್ಪಲಿಗಾಲು ಹೊರಗೆ ಇಟ್ಟು, ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಂಡಳು. ಎರಡನೇ ಸಲ ಅನ್ನ ಕೇಳಿದಳು. ಅಷ್ಟಕ್ಕೆ ಅಕ್ಕನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಮಾರನೇ ದಿನ ಬೆಳಿಗ್ಗೆಯೇ ಏರಿತು. ಹುಡುಗಿ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡಿದ್ದಳು, ಮಲಗುವಾಗ ದಿಂಬಿನ ಅಡಿಗಿಟ್ಟಿದ್ದಳು.

"ಮೇಡಂ, ತಲೆ ಇಡುವಲ್ಲಿ ಚಪ್ಪಲಿ! ನಾನು ಇಷ್ಟು ವರ್ಷ ಹೋಟೆಲಿನವರ ಮನೆಯಲ್ಲಿ, ಭಟ್ಟರ ಮನೆಯಲ್ಲಿ, ಎಲ್ಲಾ ಕಡೆ ಅಡುಗೆ ಮಾಡಿದೆ. ಇದೊಂದು ನೋಡ್ಲಿಕ್ಕೆ ಬಾಕಿ ಇತ್ತು."

"ಇರಲಿ ಅಕ್ಕ, ಸ್ವಲ್ಪ ದಿನ."

"ನನಗೆ ಇರಬಹುದು. ಆ ಉಳಿದ ಮಕ್ಕಳಿಗೆ ಎಂತ ಹೇಳ್ತೀರಿ?"

ಅವರು ಹೇಳಿದ್ದು ಸರಿಯಾಗಿತ್ತು. ಮಕ್ಕಳು ಅವಳಿಗೆ ಆಗಲೇ 'ಚಪ್ಪಲ್ ಮಹಾರಾಣಿ' ಎಂದು ಹೆಸರಿಟ್ಟಿದ್ದರು. ದೊಡ್ಡ ಹುಡುಗಿಯೊಬ್ಬಳು, ಬ್ಯೂಟಿಪಾರ್ಲರಿನ ಕೋರ್ಸಿಗೆ ಹೋಗುವವಳು, ನನ್ನ ಮುಂದೆ ಕೈಕಟ್ಟಿ ನಿಂತು ಕೇಳಿದಳು: "ಅವಳಿಗೆ ಒಂದು ರೂಲು, ನಮಗೊಂದು ರೂಲಾ ಮ್ಯಾಡಮ್?" ಕ್ಲಾಸಿಗೆ ಹೊತ್ತಾಯಿತು ಎಂದು ಕಪಾಟಿನ ಬೀಗ ತೆಗೆದು ಅವಳ ಚಪ್ಪಲಿ ಕೊಟ್ಟೆ.

ನಾಲ್ಕೈದು ದಿನ ಕಳೆಯಿತು. ನನಗೆ ಒಂದು ರೀತಿಯ ಕಿವಿರೋಗ ಹತ್ತಿಕೊಂಡಿತು. ಗೇಟು ಕಿರ್ ಅಂದರೆ ಎದ್ದು ನಿಲ್ಲುವುದು. ಡೊಂಬಿವಲಿಯ ನನ್ನ ಮನೆಯಲ್ಲಿ ಕುಕ್ಕರ್ ಕೂಗುವಾಗಲೂ ಫೋನು ಬಂತೇನೋ ಎಂದು ಓಡುವುದು. "ನೀನು ಆ ಹುಡುಗಿಯರನ್ನು ಕಾಯುವುದೋ, ಅವರು ನಿನ್ನನ್ನು ಕಾಯುವುದೋ?" ಎಂದು ಮನೆಯವರು ಗೇಲಿ ಮಾಡಿದರು. ಕೌನ್ಸೆಲರ್ ದಿನಾ ಹುಡುಗಿಯ ಜೊತೆ ಕೂತಳು. ಚಿತ್ರ ಬರೆಸಿದಳು, ಕೇರಂ ಆಡಿಸಿದಳು. ಹುಡುಗಿ ಆಡಿದಳು, ಗೆದ್ದಳು ಕೂಡ. ಎಲ್ಲಿಂದ ಬಂದೆ ಅಂದರೆ ಮಾತ್ರ ಬಾಯಿ ಮುಚ್ಚುವುದು.

ಆರನೆಯದೋ ಏಳನೆಯದೋ ದಿನ ಅವಳಿಗೆ ಜ್ವರ ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಮಧ್ಯಾಹ್ನ ಗಾಢ ನಿದ್ದೆ. ದಿಂಬಿನ ಅಡಿಯಿಂದ ಆ ಜೋಡಿ ಜಾರಿ ನೆಲಕ್ಕೆ ಬಿದ್ದಿತ್ತು. ನಾವು ಮೂವರೂ ಅದರ ಸುತ್ತ ನಿಂತೆವು.

"ಈಗ ತೆಗೆದಿಡುವಾ," ಅಂದರು ಅಕ್ಕ. "ನಾನು ಚೆಂದ ಮಾಡಿ ತೊಳೆದು ಇಡ್ತೇನೆ. ಹೊಸತು ಒಂದು ಜೋಡಿ ತಂದು ಪಕ್ಕ ಇಟ್ಟರೆ ಹುಡುಗಿಗೆ ಖುಷಿಯೇ ಆದೀತು."

ಕೌನ್ಸೆಲರ್ ಹುಡುಗಿಯ ಹೊದಿಕೆ ಸರಿಮಾಡಿದಳು. "ಅವಳನ್ನು ಕೇಳದೆಯಾ?" ಅಂದಳು.

"ಕೇಳಿದರೆ ಕೊಡುವವಳಾ?" ಅಂದೆ ನಾನು. ಆ ಮಾತು ನನ್ನದೇ. ಹೋಗಿ ಕಲ್ಯಾಣ ಮಾರ್ಕೆಟ್ಟಿನಲ್ಲಿ ಬಿಳಿ ಪಟ್ಟಿಯ, ಹೂವಿನ ಗುರುತಿದ್ದ ಒಂದು ಜೋಡಿ ತಂದವಳೂ ನಾನೇ. ಸಂಜೆ ಹಳೆಯದು, ಹೊಸದು ಎರಡನ್ನೂ ಅವಳ ನಂಬರಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದೆವು. ಅಕ್ಕ ಸೋಪು ಹಾಕಿ ತಿಕ್ಕಿದ್ದರಿಂದ ಹಳೆಯದು ಬೇರೆಯದರಂತೆ ಕಾಣುತ್ತಿತ್ತು.

ಹುಡುಗಿ ಎದ್ದು ದಿಂಬು ಎತ್ತಿ ನೋಡಿದಳು. ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಜಗಲಿಗೆ ಬಂದು, ಜಾಲರಿಯೊಳಗೆ ಇಣುಕಿ, ಬೀಗವನ್ನು ಒಮ್ಮೆ ಎಳೆದು ನೋಡಿ, ಹಿಂದೆ ಹೋಗಿ ಗೋಡೆಯ ಬದಿಗೆ ಮುಖಮಾಡಿ ಮಲಗಿದಳು. "ಕಂಡಿರಾ, ಒಪ್ಪಿದಳು," ಅಂದರು ಅಕ್ಕ. ನಾನೂ ಹಾಗೇ ನಂಬಿದೆ. ಆವತ್ತು ಮನೆಗೆ ಹೋಗುವ ಲೋಕಲಿನಲ್ಲಿ, ಬಹಳ ದಿನದ ಮೇಲೆ, ನನಗೆ ಕೂತಲ್ಲೇ ನಿದ್ದೆ ಹತ್ತಿತು.

ಮಾರನೇ ದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರಿನ ಟೆಂಪೊ ಬಂತು. ವಾಚ್‌ಮನ್ ದೊಡ್ಡ ಗೇಟು ತೆರೆದ, ಸಿಲಿಂಡರ್ ಇಳಿಸಿಕೊಂಡ, ಗೇಟು ಹಾಕಿದ. ಶಾಲೆಗೆ ಹೋಗುವವರು ಹೋದರು. ಹತ್ತು ಗಂಟೆಯ ಹಾಜರಿಗೆ ನಾನು ಜಗಲಿಯ ಈ ಕೊನೆಯಿಂದ ಕಪಾಟು ನೋಡಿದೆ. ಮನೆಯಲ್ಲಿ ಉಳಿದವರ ಖಾನೆಗಳು ತುಂಬಿದ್ದವು. ಅವಳದ್ದು ಎರಡೆರಡು ಜೋಡಿಯಿಂದ ತುಂಬಿತ್ತು. ಎಲ್ಲ ಸರಿ ಎಂದು ಗುರುತು ಹಾಕಿದೆ.

ಊಟಕ್ಕೆ ಕರೆಯುವಾಗ ಅವಳು ಇರಲಿಲ್ಲ.

ಕಕ್ಕಸು, ಟೆರೇಸು, ಹಿತ್ತಲಿನ ನೀರಿನ ಟಾಂಕಿ, ಮಂಚದ ಅಡಿ ಎಲ್ಲ ನೋಡಿದೆವು. ಟಾಂಕಿಯ ಮುಚ್ಚಳವನ್ನು ನಾನೇ ತೆಗೆದು, ಕೋಲು ಇಳಿಸಿ ತಳದವರೆಗೆ ನೋಡಿದೆ. ಸಣ್ಣ ಹುಡುಗಿಯೊಬ್ಬಳು ಆಗ ಹೇಳಿದಳು: "ಟೆಂಪೊ ಬಂದಾಗ ಹೋದಳು. ನಂಗೇ ಪಾವ್." ಬರಿಗಾಲಲ್ಲಿ.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಏನು ಅನ್ನುವುದು ನಿಯಮದಲ್ಲೇ ಇದೆ, ಯೋಚಿಸಲಿಕ್ಕೆ ಇಲ್ಲ. ಪೊಲೀಸ್ ಸ್ಟೇಶನ್ನಿಗೆ ತಿಳಿಸುವುದು, ಸಮಿತಿಗೆ ತಿಳಿಸುವುದು, ಫೋಟೊ ಕಳುಹಿಸುವುದು. ಮೂರನ್ನೂ ಮಾಡಿದೆ. ಮಾಡುವಾಗ, ಇದರೊಂದಿಗೆ ಆ ಗಾಜಿನ ಚೂರಿನ ಗೋಡೆಯ ಕಡೆಗೆ ಅವಳನ್ನು ನಾನೇ ಒಂದು ಹೆಜ್ಜೆ ತಳ್ಳುತ್ತಿದ್ದೇನೆ ಎಂದೂ ಗೊತ್ತಿತ್ತು. ಮುಚ್ಚಿಡುವ ಹಾಗಿಲ್ಲ. ಕಲ್ಯಾಣ ಸ್ಟೇಶನ್ನಿನಲ್ಲಿ ಇಂಥ ಹುಡುಗಿಯರಿಗೆ ಊಟ ಕೊಡಿಸಿ, ಮಾತಾಡಿಸಿ, ಕರೆದುಕೊಂಡು ಹೋಗಲು ಕಾದಿರುವವರು ಯಾರು ಯಾರು ಎಂದು ನಮಗೆ ಗೊತ್ತು. ಒಂದೊಂದು ಗಂಟೆಯೂ ಅವರ ಲೆಕ್ಕಕ್ಕೆ ಹೋಗುತ್ತದೆ.

ಕೌನ್ಸೆಲರ್ ರಿಕ್ಷಾ ಹಿಡಿದು ಕಲ್ಯಾಣದ ಕಡೆಗೆ ಹೋದಳು. ನಾನು ಟಿಟ್ವಾಳಾ ಸ್ಟೇಶನ್ನಿಗೆ. ಹೊರಡುವ ಮೊದಲು ಕಪಾಟಿನ ಬೀಗ ತೆಗೆದೆ. ಹೊಸ ಜೋಡಿಯನ್ನು ಅಲ್ಲೇ ಬಿಟ್ಟು, ನೀಲಿ-ಕೆಂಪಿನದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ.

ಸ್ಟೇಶನ್ನಿನಲ್ಲಿ ಆ ಊರಿನ ಗುಡಿಯ ಗಣಪತಿಯ ದರ್ಶನಕ್ಕೆ ಬಂದವರ ಗದ್ದಲ. ಮಂಗಳವಾರ ಬೇರೆ. ಹೂವು, ಹಣ್ಣಿನ ಬುಟ್ಟಿ, ಕೊಡೆ. ನಾನು ಮುಖಗಳನ್ನು ನೋಡುವುದು ಬಿಟ್ಟು ಕಾಲುಗಳನ್ನು ನೋಡುತ್ತ ಹೋದೆ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ತಗಡಿನ ಮಾಡು ಮುಗಿಯುವ ಜಾಗದ ಕೊನೆಯ ಬೆಂಚಿನಲ್ಲಿ ಕಂಡಳು. ಎರಡೂ ಕಾಲು ಮೇಲೆ ಇಟ್ಟುಕೊಂಡು ಕೂತಿದ್ದಳು. ಹಳಿಯ ಬದಿಯ ಜಲ್ಲಿಕಲ್ಲಿನ ಮೇಲೆ ನಡೆದು ಬಂದಿದ್ದಳು. ಅಂಗಾಲು ಹರಿದು ರಕ್ತ ಬಂದಿತ್ತು.

ನನ್ನನ್ನು ನೋಡಿ ಏಳಲು ಹೋದಳು. ನಾನು ಅಲ್ಲೇ ನಿಂತೆ. ಚೀಲದಿಂದ ಚಪ್ಪಲಿ ತೆಗೆದು, ಅವಳಿಗೂ ನನಗೂ ನಡುವೆ ನೆಲದ ಮೇಲೆ ಇಟ್ಟೆ. ಮತ್ತೆ ಹಿಂದೆ ಸರಿದು ಪಕ್ಕದ ಬೆಂಚಿನಲ್ಲಿ ಕೂತೆ. ಆಗ ಯೋಚನೆ ಮಾಡಿ ಮಾಡಿದ್ದಲ್ಲ. ಹಿಡಿಯಲು ಹೋದರೆ ಹಳಿಗೆ ಇಳಿದಾಳು ಎಂಬ ಒಂದೇ ಹೆದರಿಕೆ.

ಅವಳು ಇಳಿದು ಬಂದು ಚಪ್ಪಲಿ ಮೆಟ್ಟಿಕೊಂಡಳು. ಅದೇ ಹೊತ್ತಿಗೆ ಸಿಎಸ್‌ಎಂಟಿಗೆ ಹೋಗುವ ಲೋಕಲ್ ರೈಲು ಬಂತು. ಹೆಂಗಸರ ಡಬ್ಬಿ ಸರಿಯಾಗಿ ನಮ್ಮ ಎದುರಿಗೇ ನಿಂತಿತು. ಈಗ ಅವಳ ಕಾಲಲ್ಲಿ ಚಪ್ಪಲಿ ಇದೆ, ಎದುರಿಗೆ ತೆರೆದ ಬಾಗಿಲು ಇದೆ, ನಾನು ಮೊಣಕಾಲು ನೋವಿನ ಹೆಂಗಸು. ಅವಳು ರೈಲು ನೋಡಿದಳು, ನನ್ನನ್ನು ನೋಡಿದಳು. ನಾನು ಬೆಂಚಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ರೈಲು ಹೊರಟಿತು. ಅವಳು ಹತ್ತಲಿಲ್ಲ.

ಏನಾದರೂ ಮಾಡಬೇಕಲ್ಲ ಎಂದು ಅಕ್ಕನಿಗೆ ಫೋನು ಮಾಡಿದೆ. "ಸಿಕ್ಕಿದಳು ಅಕ್ಕ. ಅನ್ನ ಬಿಸಿ ಇಡಿ. ಪೊಲೀಸರಿಗೂ ಕೌನ್ಸೆಲರಿಗೂ ನಾನು ಹೇಳ್ತೇನೆ, ನೀವು ಅಳಬೇಡಿ."

ಫೋನು ಇಟ್ಟ ಮೇಲೆ ಪಕ್ಕದಿಂದ ಒಂದು ದನಿ: "ಅಕ್ಕಾರು ಅಳಾಕತ್ತಾರೇನ್ರಿ?"

ತಿರುಗಿ ನೋಡಿದೆ. "ಹೌದು ಮಗಾ. ನೀನೂ ಕನ್ನಡವಾ? ಮತ್ತೆ ಇಷ್ಟು ದಿನ ಹಿಂದಿಯಲ್ಲೇ ಇದ್ದೆಯಲ್ಲ? ನಾನೂ ಅಕ್ಕನೂ ನಿನ್ನ ಎದುರಿಗೇ ಅಷ್ಟೆಲ್ಲ ಮಾತಾಡ್ತಿದ್ದೆವು!"

"ನಿಮ್ಮ ಅಕ್ಕಾರು ಮಾತಾಡೂದು ಕನ್ನಡ ಅಂತ ನನಗ ಗೊತ್ತಾಗಿದ್ದಽ ಮೂರು ದಿನ ಆದ ಮ್ಯಾಲ್ರಿ," ಅಂದಳು. ಒಂದು ಗಳಿಗೆ ನಗು ಬಂದ ಹಾಗೆ ಕಂಡಿತು. ಮತ್ತೆ ಹೋಯಿತು. "ಕನ್ನಡ ಅಂದ್ರ ಊರು ಗೊತ್ತಾಕ್ಕೈತಿ. ಊರು ಗೊತ್ತಾದ್ರ ಅತ್ತಿ ಮನಿಗೆ ಕಳಸ್ತೀರಿ. ಆಕಿ ಮತ್ತ ಕೆಲಸಕ್ಕ ಹಚ್ಚತಾಳ."

ಅವಳ ಊರು ವಿಜಾಪುರದ ಕಡೆ. ತಾಯಿ ಇಲ್ಲ. ದೂರದ ಅತ್ತೆಯೊಬ್ಬಳು ಓದಿಸುತ್ತೇನೆಂದು ಕರೆತಂದು ಖಾರಘರದ ಒಂದು ಮನೆಯಲ್ಲಿ ಕೆಲಸಕ್ಕೆ ಬಿಟ್ಟಿದ್ದಳು. ಬಹಳ ಮೇಲಿನ ಮಾಳಿಗೆ. ಅಡುಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತಂತೆ.

"ಹೊಡೀತಿದ್ದರಾ?"

"ಇಲ್ರಿ. ಹೊಡೀತಿರಲಿಲ್ಲ." ಬೆರಳಿನಿಂದ ಕೆಂಪು ಪಟ್ಟಿಯನ್ನು ಎಳೆದು ನೋಡುತ್ತ ಹೇಳಿದಳು: "ಅವರ ಮನ್ಯಾಗೂ ಹಿಂಗಽ ಒಂದು ಕಪಾಟ ಇತ್ರಿ, ಬಾಗಲದ ಹತ್ರ. ಇಬ್ಬರೂ ಆಫೀಸಿಗೆ ಹೋಗುವಾಗ ನನ್ನ ಚಪ್ಪಲ್ ಅದರಾಗ ಇಟ್ಟು ಕೀಲಿ ಹಾಕ್ಕೊಂಡು ಹೋಗತಿದ್ರು."

"ಬಾಗಿಲಿಗೆ?"

"ಬಾಗಲಕ್ಕ ಹಾಕತಿರಲಿಲ್ರಿ. ಬೆಂಕಿ-ಗಿಂಕಿ ಹತ್ತಿದ್ರ ಹ್ಯಾಂಗ ಅಂತ. 'ಚಪ್ಪಲ್ ಇಲ್ದ ಎಲ್ಲಿಗೆ ಹೋಕ್ಕಾಳ' ಅಂತ ನಗತಿದ್ರು."

ಬೀಗದ ಕೈ ಸೊಂಟಕ್ಕೆ ಒತ್ತುತ್ತಿತ್ತು.

"ಬ್ಯಾಸಗ್ಯಾಗ ಒಂದಿನ ಮಧ್ಯಾಹ್ನ ಹಂಗಽ ಇಳದು ಬಂದೆ. ರೋಡು ಹಂಚಿನಂಗ ಕಾದಿತ್ತು. ಈ ನೀಲಿದು ಕಸದ ಡಬ್ಬಿ ಹತ್ರ ಸಿಕ್ತು. ಈ ಕೆಂಪುದು ಠಾಣೆ ರೈಲ್ವೆ ಸ್ಟೇಶನ್ನ್ಯಾಗ. ಎರಡೂ ನಾನಽ ಹುಡಿಕಿದ್ದು. ಯಾರೂ ಕೊಟ್ಟಿದ್ದಲ್ರಿ."

"ನಮ್ಮಂಥ ಮೊದಲಿನ ಎರಡು ಮನೆಯಿಂದ ಯಾಕೆ ಓಡಿದೆ?"

"ಅಲ್ಲೂ ತಕ್ಕೊಂಡ್ರು. ನಾ ನಿದ್ದಿ ಮಾಡೂದಽ ಬಿಟ್ಟಿದ್ದೆರಿ. ನಿಮ್ಮ ಕಡೆ ಚಪ್ಪಲ್ ನನ್ನ ಹತ್ರಽ ಬಿಟ್ರಲ್ಲ ಅಂತ ನಂಬಿ ಮಲಗಿದ್ದೆ."

ಹಿಂದಿರುಗುವಾಗ ರಿಕ್ಷಾದಲ್ಲಿ ಅವಳು ಕಾಲನ್ನು ನನ್ನ ಸೀರೆಗೆ ತಾಗದ ಹಾಗೆ ಹಿಡಿದುಕೊಂಡಿದ್ದಳು. ಗೇಟಿನಲ್ಲಿ ಅಕ್ಕ ನಿಂತಿದ್ದರು. ಬಿಸಿನೀರು, ಅರಿಶಿನ, ಹತ್ತಿ ಎಲ್ಲ ಮುಂದಾಗಿ ತಂದಿಟ್ಟುಕೊಂಡಿದ್ದರು. ಜಗಲಿಯಲ್ಲಿ ಕೂರಿಸಿ ಕಾಲು ತೊಳೆದರು. ಖಾರಘರದ ಕತೆ ನಾನು ಹೇಳುವುದನ್ನು ಕೇಳುತ್ತ ತೊಳೆಯುತ್ತಲೇ ಇದ್ದರು. "ನಾನೇ ತಿಕ್ಕಿ ತಿಕ್ಕಿ ತೊಳೆದದ್ದು ಮಾರಾಯ್ರೆ," ಎಂದು ಕೊನೆಗೆ ಅಂದರು. "ಹೊಸತರ ಹಾಗೆ ಮಾಡಿ ಕೊಡುವಾ ಅಂತ."

ಸಂಜೆ ಕೌನ್ಸೆಲರ್ ಹಿಂದಿರುಗಿದ ಮೇಲೆ ಮೂವರೂ ಕಪಾಟಿನ ಎದುರಿಗೆ ಕುರ್ಚಿ ಹಾಕಿ ಕೂತೆವು. ನಮ್ಮ ಟ್ರಸ್ಟಿ, ಡೊಂಬಿವಲಿಯಲ್ಲಿ ಹೋಟೆಲು ಇಟ್ಟ ನಮ್ಮೂರ ಕಡೆಯವರು, ಫೋನಿನಲ್ಲಿದ್ದರು. ಕಪಾಟಿನ ಬೀಗ ತೆಗೆಯುತ್ತೇನೆ, ಒಬ್ಬಳಿಗಲ್ಲ, ಎಲ್ಲರಿಗೂ, ಎಂದೆ.

"ನಿಮಗೆ ಏನು ಹುಚ್ಚಾ ಮೇಡಂ? ಒಬ್ಬಳು ಓಡಿದ್ದಕ್ಕೆ ಎಲ್ಲರನ್ನೂ ಓಡಿ ಅನ್ನುವುದಾ? ಹೋಟೆಲಿನ ಶಟರ್ ತೆರೆದಿಟ್ಟು ನಾನು ಮನೆಗೆ ಹೋಗ್ತೇನಾ?"

"ಹೋಟೆಲಿನ ಒಳಗೆ ಪಾತ್ರೆ ಇರುವುದು ಸಾರ್. ಇಲ್ಲಿ ಮಕ್ಕಳು."

"ಮಾತು ಚೆಂದ. ನಾಳೆ ಒಂದು ಹುಡುಗಿಗೆ ಏನಾದರೂ ಆದರೆ ಪೇಪರಿನವರು ನಿಮ್ಮನ್ನು ಕೇಳುವುದಿಲ್ಲ, ನನ್ನನ್ನು ಕೇಳ್ತಾರೆ."

ಅವರ ಹೆದರಿಕೆ ಸುಳ್ಳಲ್ಲ. ನನ್ನದೂ ಅದೇ ಹೆದರಿಕೆ. ಗೇಟಿನ ಬೀಗ, ವಾಚ್‌ಮನ್ ಎಲ್ಲ ಇರುತ್ತದೆ, ಹಾಜರಿಯನ್ನು ಇನ್ನು ಮುಖ ನೋಡಿಯೇ ತೆಗೆಯುತ್ತೇನೆ, ತಪ್ಪಿದರೆ ಜವಾಬ್ದಾರಿ ನನ್ನದು, ಎಂದೆ. ಆ ಕಡೆ ಅವರು ಮೊದಲು ಯಾರಿಗೋ ಕಪ್ಪು-ಬಸಿ ಎತ್ತಲು ಕೂಗಿದರು. "ಸಮಿತಿಯ ವಿಚಾರಣೆ ತನಕ ನೋಡುವಾ," ಎಂದು ಫೋನಿಟ್ಟರು.

ಮಾರನೇ ದಿನ ಗ್ರಿಲ್ ಕೆಲಸದವನನ್ನು ಕರೆಸಿ ಜಾಲರಿಯ ಬಾಗಿಲನ್ನೇ ತೆಗೆಸಿದೆ. ಬೀಗ ಮಾತ್ರ ತೆಗೆದರೆ ಮತ್ತೊಂದು ದಿನ ಹೆದರಿ ನಾನೇ ಹಾಕಿಯೇನು ಅನ್ನುವ ಅನುಮಾನ ನನ್ನ ಮೇಲೆಯೇ ಇತ್ತು. ಹುಡುಗಿಯರು ತಮ್ಮ ತಮ್ಮ ಚಪ್ಪಲಿ ತೆಗೆದುಕೊಂಡರು. ಕೆಲವರು ಖಾನೆಯಲ್ಲೇ ಬಿಟ್ಟರು, ಕೆಲವರು ಮಂಚದ ಅಡಿ ಕಾಗದ ಹಾಸಿ ಇಟ್ಟುಕೊಂಡರು. ಅಕ್ಕನದ್ದು ಒಂದೇ ಷರತ್ತು: "ನನ್ನ ಅಡುಗೆಕೋಣೆಗೆ ಮಾತ್ರ ಬೇಡ. ಬಂದರೆ ಒಗ್ಗರಣೆ ಸೌಟು ಬೀಸ್ತೇನೆ." ಹುಡುಗಿಗೂ ಕನ್ನಡದಲ್ಲೇ ಹೇಳಿದರು. ಅವಳು "ಆತ್ರಿ" ಅಂದಳು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಕಪಾಟು ನೋಡಿದರೆ ಈಗ ಏನೂ ಗೊತ್ತಾಗುತ್ತಿರಲಿಲ್ಲ. ಮೂರು ಹೊತ್ತೂ ಒಬ್ಬೊಬ್ಬಳ ಹತ್ತಿರ ಹೋಗಿ, ಮುಖ ನೋಡಿ, ಒಂದು ಮಾತಾಡಿ ಬರಬೇಕು. ಹೊತ್ತು ಹೆಚ್ಚು ಹಿಡಿಯುತ್ತಿತ್ತು. ಒಬ್ಬಳಿಗೆ ಹಲ್ಲುನೋವು, ಒಬ್ಬಳು ಯಾರ ಜೊತೆಯೋ ಮಾತುಬಿಟ್ಟಿದ್ದಾಳೆ, ಇವೆಲ್ಲ ಮೊದಲು ಜಗಲಿಯ ಆ ಕೊನೆಯಿಂದ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಸಣ್ಣವಳೊಬ್ಬಳು ಕಾಣಲಿಲ್ಲವೆಂದು ನಾನು ಮಳೆಯಲ್ಲಿ ರಸ್ತೆಯ ತನಕ ಓಡಿದೆ. ಅವಳು ಟೆರೇಸಿನಲ್ಲಿ ಒಣಹಾಕಿದ ಬಟ್ಟೆಯ ರಾಶಿಯೊಳಗೆ ನಿದ್ದೆ ಹೋಗಿದ್ದಳು.

ಎರಡನೇ ವಾರದಲ್ಲಿ ನಿಜವಾಗಿಯೂ ಒಬ್ಬಳು ಹೋದಳು. ಆ ಹುಡುಗಿಯಲ್ಲ, ಬ್ಯೂಟಿಪಾರ್ಲರಿನ ಕೋರ್ಸಿನವಳು. ಕ್ಲಾಸಿಗೆಂದು ಹೋಗಿ ಉಲ್ಲಾಸನಗರದ ಗೆಳತಿಯ ಮನೆಗೆ ಹೋಗಿ ಕೂತಳು. ವಾಪಸು ಬರುವುದು ಹತ್ತು ನಿಮಿಷ ತಡವಾದದ್ದಕ್ಕೇ ಹುಡುಕಲು ಹೊರಟಿದ್ದರಿಂದ ಸಂಜೆಯೊಳಗೆ ಸಿಕ್ಕಳು. ಟ್ರಸ್ಟಿ ಆವತ್ತೇ ಬಂದರು. ಜಗಲಿಯಲ್ಲಿ ನಿಂತು, ಬಾಗಿಲಿಲ್ಲದ ಕಪಾಟಿಗೆ ಬೆರಳು ತೋರಿಸಿ, "ನಾನು ಹೇಳಲಿಲ್ಲವಾ?" ಅಂದರು.

"ಬೀಗ ಇದ್ದಾಗ ಒಬ್ಬಳು ಹೋದದ್ದು ನಮಗೆ ಮಧ್ಯಾಹ್ನದ ತನಕ ಗೊತ್ತಾಗಲಿಲ್ಲ ಸಾರ್. ಇವತ್ತು ಹತ್ತು ನಿಮಿಷದಲ್ಲಿ ಗೊತ್ತಾಯಿತು."

ಅವರು ಕಪಾಟನ್ನು ನೋಡಿದರು. ಜಗಲಿಯಲ್ಲಿ ಕೂತು ಪಾತ್ರೆಗೆ ಬಟಾಣಿ ಸುಲಿಯುತ್ತಿದ್ದ ಹುಡುಗಿಯನ್ನೂ, ಅವಳ ಕಾಲಿನ ನೀಲಿ-ಕೆಂಪನ್ನೂ ನೋಡಿದರು. "ಅಕ್ಕ, ಒಂದು ಚಾ ಕೊಡಿ," ಎಂದು ಕೂತರು. ಸಕ್ಕರೆ ಹೆಚ್ಚಾಯಿತು ಎಂದು ಬೈದು ಹೋದರು.

ಸಮಿತಿಯ ದಿನ ನಾನು ಮೊದಲ ಲೋಕಲಿಗೇ ಬಂದು ಅವಳ ಫೈಲು ಇನ್ನೊಮ್ಮೆ ಓದಿದೆ. ಓಡಿಹೋದದ್ದು ದಾಖಲಾಗಿತ್ತು. ಮೂರನೇ ಸಲ. ಕಪಾಟಿನ ಸಂಗತಿಯನ್ನೂ, ಅದು ನಮ್ಮ ಪದ್ಧತಿಯಿಂದಲೇ ಆದದ್ದೆಂಬುದನ್ನೂ ನಾನು ವರದಿಯಲ್ಲಿ ಮುಚ್ಚಿಡದೆ ಬರೆದಿದ್ದೆ. ಆದರೆ ಖಾರಘರದ ಮಾತನ್ನು ಅವಳೇ ಅವರ ಮುಂದೆ ಹೇಳಬೇಕು. ಹೇಳದೆ ಬಾಯಿ ಮುಚ್ಚಿಕೊಂಡು ನಿಂತರೆ ಗಾಜಿನ ಗೋಡೆಯೇ ಗತಿ.

ಕಾರಿಡಾರಿನಲ್ಲಿ ನಮ್ಮ ಸರದಿ ಬಂತು. ಸಮಿತಿಯ ಕೋಣೆಯ ಬಾಗಿಲಿನಲ್ಲಿ ಒಂದು ಕಾಲೊರೆಸು, ಅದರ ಪಕ್ಕ ಸಾಲು ಚಪ್ಪಲಿ, ಮೇಲೆ ಮರಾಠಿಯ ಒಂದು ಬೋರ್ಡು: ಪಾದರಕ್ಷೆ ಹೊರಗೆ ಬಿಡಿ.

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನೂರು ಸಲ ಆ ಕೋಣೆಗೆ ಹೋಗಿದ್ದೇನೆ, ನೂರು ಸಲವೂ ಚಪ್ಪಲಿ ಬಿಟ್ಟೇ ಹೋಗಿದ್ದೇನೆ. ಹುಡುಗಿ ಬೋರ್ಡು ಓದಲಿಲ್ಲ, ಸಾಲು ನೋಡಿದಳು. ಕಾಲಿನ ಬೆರಳು ಮತ್ತೆ ಬಿಗಿಯಾಯಿತು. ಒಳಗಿನಿಂದ ಹೆಸರು ಕರೆದರು. ಅವಳು ಕದಲಲಿಲ್ಲ. ಇನ್ನೊಮ್ಮೆ ಕರೆದರು. ಒಳಗೆ ಹೋಗಿ ಅವರಲ್ಲಿ ವಿನಂತಿ ಮಾಡಲೇ ಎಂದು ನಾನು ಒಂದು ಹೆಜ್ಜೆ ಇಟ್ಟೆ. ಅವಳು ನನ್ನ ಸೆರಗು ಹಿಡಿದಳು.

"ಮಕ್ಕಳನ್ನ ಒಬ್ಬರನ್ನಽ ಕರೀತಾರಲ್ರಿ? ನೀವು ಒಳಗ ಬರಂಗಿಲ್ಲಲ್ಲ?"

"ಇಲ್ಲ ಮಗಾ. ನಾನು ಹೊರಗೇ."

"ಹಂಗಾರ ಇಲ್ಲೇ ನಿಂದರ್ರಿ. ಇವನ್ನ ನೋಡ್ಕೋತ." ಚಪ್ಪಲಿ ಬಿಟ್ಟಳು. ಸಾಲಿನಲ್ಲಲ್ಲ, ಸಾಲಿನಿಂದ ಸ್ವಲ್ಪ ದೂರ, ನನ್ನ ಕಾಲ ಬುಡದಲ್ಲಿ. "ಎಲ್ಲೂ ಹೋಗಬ್ಯಾಡ್ರಿ."

ಬಾಗಿಲು ಹಾಕಿಕೊಂಡಿತು. ನಾನು ನಿಂತೆ. ಗುಮಾಸ್ತ ಬಂದು, "ಮ್ಯಾಡಮ್, ಆ ಬೆಂಚಿನಲ್ಲಿ ಫ್ಯಾನಿದೆ, ಕೂತ್ಕೊಳ್ಳಿ," ಅಂದ. ಬೇಡ ಅಂದೆ. ಪರಿಚಯದ ವಕೀಲರೊಬ್ಬರು ಚಹಾಕ್ಕೆ ಕರೆದರು. ಬೇಡ ಅಂದೆ. ಅವರು ನನ್ನ ಮುಖ ನೋಡಿ, ಕಾಲ ಬಳಿಯ ಆ ಜೋಡಿ ನೋಡಿ, ಒಬ್ಬರೇ ಹೋದರು. ಕಸ ಗುಡಿಸುವಾಕೆ ಬಂದಾಗ ಅದರ ಸುತ್ತ ಗುಡಿಸಿ ಅಂದೆ. ಮೊಣಕಾಲು ಉರಿಯುತ್ತಿತ್ತು. ಒಳಗಿನಿಂದ ಒಂದು ಶಬ್ದವೂ ಕೇಳುತ್ತಿರಲಿಲ್ಲ. ಅವಳು ಮಾತಾಡುತ್ತಿದ್ದಾಳೋ, ಸುಮ್ಮನೆ ನಿಂತಿದ್ದಾಳೋ? ಇಷ್ಟು ಹೊತ್ತು ಆಗುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ?

ಬಾಗಿಲು ತೆರೆಯಿತು. ಅವಳು ಮೊದಲು ನೆಲ ನೋಡಿದಳು. ಆಮೇಲೆ ನನ್ನನ್ನು.

"ಹೇಳಿದೆರಿ," ಅಂದಳು. "ಬಿಲ್ಡಿಂಗಿನ ಹೆಸರು ಸುದ್ದಾ ಹೇಳಿದೆ."

ನನ್ನನ್ನು ಒಳಗೆ ಕರೆದರು. ಖಾರಘರದ ಆ ಮನೆಯವರ ಮೇಲೆಯೂ, ಅತ್ತೆಯ ಮೇಲೆಯೂ ದೂರು ದಾಖಲಿಸಲು ಪೊಲೀಸರಿಗೆ ಆದೇಶವಾಯಿತು. ಹುಡುಗಿ ನಮ್ಮಲ್ಲೇ ಇದ್ದು ಶಾಲೆಗೆ ಸೇರಬೇಕೆಂದೂ ಆಯಿತು. ಕೊನೆಯಲ್ಲಿ ಅಧ್ಯಕ್ಷೆ ತಲೆಯೆತ್ತಿ, "ನಿಮ್ಮ ಕಪಾಟಿಗೆ ಮತ್ತೆ ಬಾಗಿಲು ಹಾಕಿಸಿದ್ದೀರಾ?" ಎಂದು ಕೇಳಿದರು. ಇಲ್ಲ ಅಂದೆ. "ಹಾಕಿಸಬೇಡಿ," ಅಂದರು.

ಹದಿನೆಂಟು ತುಂಬಿದ ಮೇಲೆ ಅವಳು ನಮ್ಮ ಮನೆಯಿಂದ ಹೊರಬಿದ್ದಳು. ಈಗ ಡೊಂಬಿವಲಿಯಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ, ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಯ ಕೋಣೆ. ಹೋದ ದೀಪಾವಳಿಗೆ ನನ್ನ ಮನೆಗೆ ಬಂದಿದ್ದಳು. ಅಕ್ಕನನ್ನೂ ಕರೆಸಿದ್ದೆ. ಸಡಿಲವಾಗಿದ್ದ ನನ್ನ ಕನ್ನಡಕದ ಕಾಲನ್ನು ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿ, ನನ್ನ ಮೂಗಿನ ಮೇಲೆ ತಾನೇ ಕೂರಿಸಿ, ಸರಿಯಾಯಿತೇ ಎಂದು ಓರೆಯಾಗಿ ನೋಡಿದಳು. ಅಕ್ಕ ಮಾಡಿದ ಕಡುಬು ತಿಂದಳು, ಇನ್ನೆರಡು ಕಟ್ಟಿಸಿಕೊಂಡಳು. ಇಬ್ಬರೂ ಅಂಗಡಿಯ ಮಾಲೀಕನನ್ನು ಆಡಿಕೊಂಡು ನಕ್ಕರು. ಕತ್ತಲಾಗುವ ಮೊದಲು ಹೋಗಬೇಕು ಎಂದು ಎದ್ದಳು. ಬಾಗಿಲ ತನಕ ಹೋಗಿ ಬೀಳ್ಕೊಟ್ಟೆವು.

ಒಳಗೆ ಬಂದು ತಟ್ಟೆ ಎತ್ತುತ್ತಿರುವಾಗ ಬೆಲ್ಲು ಆಯಿತು. ತೆರೆದರೆ ಅವಳೇ, ಬರಿಗಾಲಲ್ಲಿ. ಕೆಳಗಿನ ಗೇಟಿನ ತನಕ ಹೋದವಳು ಹಿಂದೆ ಬಂದಿದ್ದಳು.

"ಚಪ್ಪಲ್ ಮರತೆರಿ," ಅಂದಳು. ನಮ್ಮೆಲ್ಲರ ಚಪ್ಪಲಿಗಳ ನಡುವೆ ತನ್ನದು ಯಾವುದು ಎಂದು ಒಂದು ಗಳಿಗೆ ಹುಡುಕಿ, ಮೆಟ್ಟಿಕೊಂಡು, ಹೋದಳು.